ನ್ಯೂಜೆರ್ಸಿಯಲ್ಲಿ ಮನೆ ಸಾಲ: ಬ್ಯಾಂಕಿನ ಜೊತೆ ಮಾತು ಬೇರೆ, ಕೋರ್ಟಿನ 35 ದಿನ ಬೇರೆ

ಕಂತು ನಿಂತರೆ ಏನಾಗುತ್ತದೆ ಎಂದು ಕೇಳಿದರೆ ನಮ್ಮವರು ಹೇಳುವುದು ಭಾರತದ ಸರ್ಫೇಸಿ ಕಾಯ್ದೆಯ ಲೆಕ್ಕ. ಬ್ಯಾಂಕು 60 ದಿನದ ನೋಟಿಸು ಕೊಡುತ್ತದೆ, ಆಮೇಲೆ ದಾವೆ ಹೂಡದೆಯೇ ಸ್ವಾಧೀನಕ್ಕೆ ಇಳಿಯುತ್ತದೆ, ತಕರಾರಿದ್ದರೆ ನಾವೇ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಓಡಬೇಕು. ಕ್ಯಾಲಿಫೋರ್ನಿಯಾದಲ್ಲೂ ಸುಮಾರಾಗಿ ಹೀಗೇ, ಕೋರ್ಟಿಲ್ಲದೆ ಟ್ರಸ್ಟಿಯೇ (ಸಾಲಪತ್ರದಲ್ಲೇ ನೇಮಕವಾದ ಮೂರನೆಯವರು) ಮನೆ ಹರಾಜು ಹಾಕಬಹುದು. ನ್ಯೂಜೆರ್ಸಿಯಲ್ಲಿ ಬ್ಯಾಂಕೇ ಕೋರ್ಟಿಗೆ ಬರಬೇಕು. ಅದಕ್ಕೂ ಕನಿಷ್ಠ 30 ದಿನ ಮೊದಲು ನೋಟಿಸು ಕೊಟ್ಟಿರಬೇಕು. ಇದೇ ಸರಿಯಾದ ಪದ್ಧತಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಕೋರ್ಟಿಗೆ ಉತ್ತರ ಕೊಡದವರಿಗೆ ಈ ಪದ್ಧತಿಯಿಂದ ಏನೂ ದಕ್ಕುವುದಿಲ್ಲ. ಎಡಿಸನ್‌ನಲ್ಲಿ ಪರಿಚಯದ ಒಬ್ಬರು ಕೆಲಸ ಹೋದ ಮೇಲೆ ಕಂತು ಇಳಿಸಿಕೊಡಿ ಎಂದು ಸಾಲದ ಕಂಪನಿಯ ಜೊತೆ ಮಾತಾಡುತ್ತಿದ್ದರು. ಕೇಳಿದ ದಾಖಲೆಯೆಲ್ಲ ಕಳಿಸಿದರು. ನಡುವೆ ಕೋರ್ಟಿನಿಂದ ದಾವೆಯ ಸಮನ್ಸ್ ಬಂತು. ಫೋನಿನಲ್ಲಿದ್ದವರು "ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ" ಎಂದದ್ದನ್ನು ನಂಬಿ ಇವರು ಆ ಕಾಗದವನ್ನು ಎತ್ತಿಟ್ಟರು. ಅರ್ಜಿ ತಿರಸ್ಕಾರವಾಗುವಷ್ಟರಲ್ಲಿ ಕೋರ್ಟಿನಲ್ಲಿ ಇವರ ಮೇಲೆ ಡಿಫಾಲ್ಟ್, ಅಂದರೆ ಗಡುವಿನೊಳಗೆ ಉತ್ತರ ಕೊಟ್ಟಿಲ್ಲವೆಂಬ ನಮೂದು, ದಾಖಲಾಗಿತ್ತು. ಅದನ್ನು ತೆಗೆಸಲು ವಕೀಲರಿಗೆ ಸುರಿದ ಹಣದಲ್ಲಿ ಎಷ್ಟೋ ಕಂತು ಕಟ್ಟಬಹುದಿತ್ತು. ಆಮೇಲೂ ಹೊಸಬರು ಇದೇ ಹಳ್ಳಕ್ಕೆ ಬೀಳುವುದನ್ನು ನೋಡಿ ಸಂಕಟವಾಗುತ್ತದೆ.

ಆ ಸಮನ್ಸ್ ಪೂರ್ತಿ ಓದಿ. ಎಫ್ ಅಕ್ಷರದಿಂದ ಶುರುವಾಗುವ ಕೇಸ್ ನಂಬರ್ ಇರುತ್ತದೆ. ಕೈಗೆ ಸಿಕ್ಕ ದಿನ ಬಿಟ್ಟು 35 ದಿನದೊಳಗೆ ಲಿಖಿತ ಉತ್ತರ ಸಲ್ಲಿಸಬೇಕು, ಬರೀ ಫೋನ್ ಮಾಡಿದ ಮಾತ್ರಕ್ಕೆ ನಿಮ್ಮ ಹಕ್ಕು ಉಳಿಯುವುದಿಲ್ಲ ಎಂದು ಅದರಲ್ಲೇ ಅಚ್ಚಾಗಿರುತ್ತದೆ. ಸಾಲದ ಕಂಪನಿ ಎಷ್ಟೇ ನಯವಾಗಿ ಮಾತಾಡಲಿ, ಈ ಗಡುವು ನಿಲ್ಲುವುದಿಲ್ಲ.

ಉತ್ತರದಲ್ಲಿ ಏನು ಬರೆಯುತ್ತೀರಿ ಎಂಬುದೂ ಮುಖ್ಯ. "ಕೆಲಸ ಹೋಯಿತು, ಕಾಲಾವಕಾಶ ಕೊಡಿ" ಎಂದಷ್ಟೇ ಬರೆದರೆ ಕೋರ್ಟು ಅದನ್ನು ತಕರಾರೆಂದೇ ಎಣಿಸುವುದಿಲ್ಲ. ಕಡತ ರಾಜಧಾನಿ ಟ್ರೆಂಟನ್‌ನಲ್ಲಿರುವ ಕೋರ್ಟಿನ ಫೋರ್‌ಕ್ಲೋಷರ್ (ಅಡಮಾನದ ಮನೆ ಹರಾಜಿನ ದಾವೆ) ಕಚೇರಿಯಲ್ಲೇ ಮುಂದೆ ಸಾಗುತ್ತದೆ. ಅಡಮಾನದ ಸಿಂಧುತ್ವವನ್ನೋ ದಾವೆ ಹೂಡಿದವರಿಗೆ ಆ ಹಕ್ಕಿದೆಯೇ ಎಂಬುದನ್ನೋ ಪ್ರಶ್ನಿಸಿದರೆ ಮಾತ್ರ ಅದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ನ್ಯಾಯಾಧೀಶರ ಮುಂದೆ ಹೋಗುತ್ತದೆ. ಸಾಲ ಕೈಯಿಂದ ಕೈಗೆ ಮಾರಾಟವಾಗುವ ಈ ದೇಶದಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ.

ಕಂತು ಇಳಿಸುವ ಅರ್ಜಿಯನ್ನು ಬಿಡಬೇಡಿ. ದಾಖಲೆಗಳೆಲ್ಲ ಸೇರಿ ಪೂರ್ಣವಾದ ಮೊದಲ ಅರ್ಜಿ ಹರಾಜಿಗೆ 37 ದಿನಕ್ಕಿಂತ ಮುಂಚೆ ತಲುಪಿದ್ದರೆ, ಅದು ತೀರ್ಮಾನವಾಗುವವರೆಗೆ ಮನೆ ಮಾರುವಂತಿಲ್ಲ. ಇದು ಫೆಡರಲ್ ನಿಯಮ. ಒಂದು ಕಾಗದ ಕಡಿಮೆಯಿದ್ದರೂ ಈ ರಕ್ಷಣೆ ಸಿಗದೆ ಹೋಗಬಹುದು. ಹಾಗಾಗಿ ಅರ್ಜಿ ಪೂರ್ಣವಾಗಿದೆ ಎಂದು ಅವರಿಂದ ಬರವಣಿಗೆಯಲ್ಲೇ ತರಿಸಿಕೊಳ್ಳಿ.