ಬಾಡಿಗೆ ಮನೆಗೆ ಕಾರ್ ಚಾರ್ಜಿಂಗ್ ಪಾಯಿಂಟ್: ವೈರ್ ಯಾರ ಮೀಟರಿನಿಂದ?

ಬೆಳಗಾವಿಯ ಬಾಡಿಗೆ ಮನೆಗಳಿಂದ ಚಾರ್ಜಿಂಗ್ ಪಾಯಿಂಟ್ ಬೇಕೆಂದು ಕರೆ ಬಂದರೆ ನಾನು ಮೊದಲು ಕೇಳುವುದು ಹೆಸ್ಕಾಂ ಬಿಲ್ಲನ್ನು, ಕಾರಿನ ಹೆಸರು ಆಮೇಲೆ. ಮಂಜೂರಾದ ಲೋಡ್ ಎಷ್ಟು, ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆ, ತಿಂಗಳಿಗೆ ಎಷ್ಟು ಯೂನಿಟ್ ಓಡುತ್ತದೆ ಎಂಬ ಮೂರೂ ಅದರಲ್ಲೇ ಸಿಗುತ್ತವೆ. ಶಹಾಪುರ, ವಡಗಾವಿ ಕಡೆ ನಾನು ನೋಡಿದ ಹಳೆಯ ಬಾಡಿಗೆ ಮನೆಗಳಲ್ಲಿ ಹೆಚ್ಚಿನವಕ್ಕೆ 1 ಅಥವಾ 2 ಕಿಲೋವ್ಯಾಟ್ ಮಂಜೂರಾತಿ. ಕಾರಿನ ಜೊತೆ ಬರುವ 15 ಆಂಪಿಯರ್ ಚಾರ್ಜರ್ ಒಂದೇ 3.3 ಕಿಲೋವ್ಯಾಟ್ ಎಳೆಯುತ್ತದೆ. ಹಾಗಾಗಿ ಲೋಡ್ ಏರಿಸುವ ಅರ್ಜಿ ಮೊದಲು, ವೈರ್ ಆಮೇಲೆ. ಆರ್‌ಆರ್ ನಂಬರ್ ಮಾಲಕರ ಹೆಸರಿನಲ್ಲಿದ್ದರೆ ಅರ್ಜಿಗೆ ಅವರ ಸಹಿ ಬೇಕು. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಪ್ರತಿ ತಿಂಗಳು ಬರುತ್ತದೆ, ಕಾರು ಮನೆಯಲ್ಲಿ ಇರಲಿ ಬಿಡಲಿ. ಏರಿದ ಆ ಭಾಗ ಯಾರು ಕಟ್ಟಬೇಕು ಅನ್ನುವುದನ್ನು ಅವತ್ತೇ ಮಾತಾಡಿ ಮುಗಿಸಿ.

ಇನ್ನು ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆ. ಸ್ಕೂಟರಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೂ 30–40 ಯೂನಿಟ್, ಒಟ್ಟು 200ರೊಳಗೆ ಇದ್ದರೆ ನಿಮ್ಮ ಮನೆಗೆ ನಿಗದಿಯಾದ ಉಚಿತ ಯೂನಿಟ್‌ಗಿಂತ ಹೆಚ್ಚಾದದ್ದಕ್ಕಷ್ಟೇ ದುಡ್ಡು. ಕಾರಿನ ಲೆಕ್ಕ ಬೇರೆ. ಮನೆಗೆ 90 ಯೂನಿಟ್ ಬೀಳುತ್ತಿದೆ ಅನ್ನಿ, ಕಾರು 800 ಕಿಲೋಮೀಟರ್ ಓಡಿತು, ಯೂನಿಟ್ಟಿಗೆ ಆರೂವರೆ ಕಿಲೋಮೀಟರ್ ಹಿಡಿದರೆ 123 ಯೂನಿಟ್. ಒಟ್ಟು 213. 200 ದಾಟಿದ ತಿಂಗಳು ಪೂರ್ತಿ 213 ಯೂನಿಟ್ಟಿಗೂ ಬಿಲ್. ಇದು ಗೊತ್ತಿದ್ದ ಬಾಡಿಗೆಯವರು "ಮೆಟ್ಟಿಲ ಲೈಟಿನ ಮೀಟರಿಗೆ ಕೊಡ್ರಿ" ಅನ್ನುತ್ತಾರೆ. ಕಾಮನ್ ಮೀಟರಿನಿಂದ ಕೊಡಬಹುದು, ಆದರೆ ನಡುವೆ ಸಬ್‌ಮೀಟರ್ ಇಲ್ಲದೆ ನಾನು ಕೊಡುವುದಿಲ್ಲ. ನೆಲಮಹಡಿಯ ಅಂಗಡಿ ಮೀಟರ್ ಗೇಟಿಗೆ ಎಷ್ಟೇ ಹತ್ತಿರ ಇರಲಿ, ಅದನ್ನು ಮುಟ್ಟುವುದಿಲ್ಲ. ಅದು ವಾಣಿಜ್ಯ ದರದ್ದು, ಅಂಗಡಿಯವರ ಹೆಸರಿನದು.

ಗೋಡೆಗೆ ಕೂಡಿಸುವ 7.2 ಕಿಲೋವ್ಯಾಟಿನ ಚಾರ್ಜರ್ ಡಬ್ಬಿಯನ್ನು ಬಾಡಿಗೆ ಮನೆಗೆ ನಾನು ಸಲಹೆ ಮಾಡುವುದಿಲ್ಲ. 32 ಆಂಪಿಯರ್ ಬೇಕು, 6 ಚದರ ಮಿ.ಮೀ. ವೈರ್ ಬೇಕು, ತ್ರೀ ಫೇಸ್ ಮಾತು ಬರುತ್ತದೆ, ಹನ್ನೊಂದು ತಿಂಗಳ ಕರಾರಿಗೆ ಅಷ್ಟು ಖರ್ಚು ಯಾಕೆ? ರಾತ್ರಿ ಎಂಟು ತಾಸು 15 ಆಂಪಿಯರ್ ಪಾಯಿಂಟಿಗೆ ಹಚ್ಚಿಟ್ಟರೆ 26 ಯೂನಿಟ್ ಹೋಗುತ್ತದೆ. ಊರೊಳಗೆ ಓಡುವ ಕಾರಿಗೆ ಅದು ಎರಡು-ಮೂರು ದಿನದ ಊಟ.

"ಗೀಜರ್ ನಡೀತದಲ್ರೀ ಇದರಾಗ, ಕಾರ್ ಯಾಕ ನಡ್ಯಂಗಿಲ್ಲ?" ಎಂದು ಮನೆಯ ಹಳೆಯ ಸಾಕೆಟ್ ತೋರಿಸಿ ಎಲ್ಲ ಕಡೆ ಕೇಳುತ್ತಾರೆ. ಗೀಜರ್ ಇಪ್ಪತ್ತು ನಿಮಿಷ ಕಾದು ಬಂದ್ ಆಗುತ್ತದೆ, ಕಾರು ಏಳೆಂಟು ತಾಸು ಬಿಡದೆ ಎಳೆಯುತ್ತದೆ. ಸುಟ್ಟ ಸಾಕೆಟ್ ಬಿಚ್ಚಿ ನೋಡಿದರೆ ಕಥೆ ಅಲ್ಲೇ ಇರುತ್ತದೆ: ಒಂದೇ ಪಿನ್ನಿನ ತೂತು ಕಂದುಗಟ್ಟಿ ಉಬ್ಬಿರುತ್ತದೆ, ಪಕ್ಕದ್ದು ಬೆಳ್ಳಗೇ ಇರುತ್ತದೆ. ಒಳಗಿನ ಹಿತ್ತಾಳೆ ಪಟ್ಟಿ ಸಡಿಲಾಗಿ ಪಿನ್ನಿಗೆ ಅರ್ಧವೇ ತಾಗಿದೆ, ಇಲ್ಲವೇ ಸ್ಕ್ರೂ ಕೆಳಗೆ ವೈರಿನ ಎಳೆಗಳು ಅರ್ಧ ಹೊರಗೆ ಉಳಿದಿವೆ. ಆದ್ದರಿಂದ ಹೊಸ 16 ಆಂಪಿಯರ್ ಸಾಕೆಟ್ ಹಾಕಿ, ಎಳೆಗಳಿಗೆ ಪಿನ್ ಲಗ್ (ವೈರಿನ ತುದಿಗೆ ಹಾಕುವ ಲೋಹದ ಪಿನ್) ಒತ್ತಿ ಬಿಗಿಯುತ್ತೇನೆ. ಒಂದು ತಾಸು ಚಾರ್ಜ್ ಮಾಡಿ ಪ್ಲಗ್ಗಿಗೆ ಮುಂಗೈ ಇಟ್ಟು ನೋಡಿ, ಇಡಲಾರದಷ್ಟು ಬಿಸಿ ಇದ್ದರೆ ಸಾಕೆಟ್ ಬದಲಿಸಬೇಕು. ತಿಂಗಳ ನಂತರ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಯುವುದನ್ನು ತಪ್ಪಿಸಬೇಡಿ. ಏರ್ ಕಂಡೀಷನರಿಗೆ ಹಾಕುವ ಎಸಿ ಬಾಕ್ಸಿಗೆ ಹೊಂದಿಸಲು ಕಾರಿನ ಪ್ಲಗ್ ಕತ್ತರಿಸುವವರಿದ್ದಾರೆ, ಮಾಡಬೇಡಿ. ಕೆಲವು ಪ್ಲಗ್‌ಗಳ ಒಳಗೇ ಶಾಖ ಅಳೆಯುವ ಸೆನ್ಸರ್ ಇರುತ್ತದೆ, ಕತ್ತರಿಸಿದರೆ ವಾರಂಟಿಯೂ ಹೋದಂತೆ.

ಮೀಟರ್ ಬೋರ್ಡಿನಿಂದ ಪಾರ್ಕಿಂಗಿಗೆ 22 ಮೀಟರ್ ದೂರ ಹಿಡಿದರೆ 4 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಸುಮಾರು ಮೂರೂವರೆ ವೋಲ್ಟ್ ಇಳಿಯುತ್ತದೆ, 2.5ರಲ್ಲಿ ಆರು ವೋಲ್ಟ್. ಇಳಿತಕ್ಕಿಂತ ನನಗೆ ಶಾಖದ ಚಿಂತೆ, ಅದಕ್ಕೇ ಯಾವಾಗಲೂ 4. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಸೇರಿ 75 ಮೀಟರ್ ತರಿಸುತ್ತೇನೆ, ಒಂಬತ್ತು ಮೀಟರ್ ಹೆಚ್ಚಿಗೆ, ಬೋರ್ಡಿನಲ್ಲಿ ಜೋಡಿಸಲು ಬೇಕು. 25 ಮಿ.ಮೀ. ಪೈಪ್ ಗೋಡೆಯ ಮೇಲೆಯೇ, ಕೊರೆಯದೆ. ನಾಳೆ ಬಿಚ್ಚಿದರೂ ಮಾಲಕರ ಗೋಡೆ ಉಳಿಯುತ್ತದೆ. ನಡುವೆ ಜೋಡಣೆ ಬೇಡ. ಈ ಲೈನ್ ಇನ್ವರ್ಟರ್ ಕಡೆ ಹೋಗಲೂಬಾರದು.

ಬೋರ್ಡಿನಲ್ಲಿ 20 ಆಂಪಿಯರ್ ಎಂಸಿಬಿ (ಲೋಡ್ ಮಿತಿ ಮೀರಿದರೆ ಬೀಳುವ ಬ್ರೇಕರ್), 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಬ್ರೇಕರ್), ಅದೂ ಟೈಪ್-ಎ. ಅಂಗಡಿಯಲ್ಲಿ ಸುಮ್ಮನೆ ಕೇಳಿದರೆ ಟೈಪ್-ಎಸಿ ಕೊಡುತ್ತಾರೆ, ಚಾರ್ಜರಿನ ಒಳಗಿಂದ ಮಿಡಿಮಿಡಿದು ಬರುವ ಡಿಸಿ ಸೋರಿಕೆ ಅದಕ್ಕೆ ಸರಿಯಾಗಿ ಕಾಣುವುದಿಲ್ಲ.

ಹಳೆಯ ಬಾಡಿಗೆ ಕಟ್ಟಡದಲ್ಲಿ ಆರ್‌ಸಿಸಿಬಿ ಹಾಕಿದ ಕೂಡಲೇ ಬೀಳುವುದು ಸಾಮಾನ್ಯ. ಮಾಲು ಖರಾಬು ಅಂತ ಮರಳಿಸುವ ಮೊದಲು ನ್ಯೂಟ್ರಲ್ ನೋಡಿ. ಒಂದು ಮನೆಯನ್ನು ಎರಡು ಮಾಡಿ ಬಾಡಿಗೆಗೆ ಕೊಟ್ಟ ಕಡೆ ಫೇಸ್ ಬೇರೆ ಮಾಡಿ ನ್ಯೂಟ್ರಲ್ ಒಂದೇ ಬಿಟ್ಟಿರುತ್ತಾರೆ. ಇವರ ಮೀಟರಿನಿಂದ ಹೋದ ಕರೆಂಟ್ ಅವರ ಮೀಟರಿನಿಂದ ಮರಳುತ್ತದೆ, ಆರ್‌ಸಿಸಿಬಿ ಅದನ್ನು ಸೋರಿಕೆ ಅಂತಲೇ ತಿಳಿಯುತ್ತದೆ. ಎರಡೂ ಮನೆಯ ಡಬಲ್ ಪೋಲ್ ಮೇನ್ ಬಂದ್ ಮಾಡಿ, ಮೇನ್ ದಾಟಿದ ಮೇಲಿನ ಎರಡು ನ್ಯೂಟ್ರಲ್‌ಗಳ ನಡುವೆ ಮಲ್ಟಿಮೀಟರ್ ಬೀಪ್ ಇಡಿ. ಕೂಗಿದರೆ ಅಲ್ಲೇ ಗಂಟು. ಚಾರ್ಜಿಂಗ್ ಲೈನಿನ ನ್ಯೂಟ್ರಲ್ಲನ್ನು ಹಳೆಯ ಗಂಟುಗಳಿಗೆ ಸೇರಿಸದೆ ಅದೇ ಮೀಟರಿನ ಮೇನ್‌ನಿಂದ ನೇರ ಆರ್‌ಸಿಸಿಬಿಗೆ ತಂದರೆ ಮುಗಿಯಿತು.

ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಕೂಡುತ್ತದೆ. ಹಳೆಯ ಮನೆಗಳಲ್ಲಿ ಅರ್ಥ್ ವೈರನ್ನು ಕಬ್ಬಿಣದ ನೀರಿನ ಪೈಪಿಗೆ ಸುತ್ತಿರುತ್ತಾರೆ, ಆ ಪೈಪನ್ನು ಪ್ಲಾಸ್ಟಿಕ್ ಮಾಡಿದ ದಿನ ಅರ್ಥಿಂಗೂ ಹೋಯಿತು. ಮಲ್ಟಿಮೀಟರ್ ಒಂದನ್ನೇ ನಂಬಬೇಡಿ, ಅರೆಬರೆ ಅರ್ಥಿಂಗಿಗೂ ಅದು 230 ತೋರಿಸುತ್ತದೆ. ನಾನು ಮನೆಯ ಅರ್ಥ್ ವೈರ್‌ಗಳನ್ನು ಬಿಚ್ಚಿ, ಅರ್ಥಿಂಗ್ ಗುಂಡಿಯಿಂದ ಬಂದ ವೈರಿಗೂ ಫೇಸಿಗೂ ನಡುವೆ 100 ವ್ಯಾಟ್ ಹಳೆಯ ಬಲ್ಬ್ ಹಚ್ಚಿ ವೋಲ್ಟೇಜ್ ನೋಡುತ್ತೇನೆ. 230 ಇದ್ದದ್ದು 225ಕ್ಕೆ ಇಳಿದರೆ ಅರ್ಥಿಂಗಿನ ತಡೆ (ರೆಸಿಸ್ಟೆನ್ಸ್) ಸುಮಾರು 12 ಓಮ್, ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಮನೆಯ ಅರ್ಥ್ ಬಿಚ್ಚದೆ ಇದನ್ನು ಮಾಡಿದರೆ ಫ್ರಿಜ್, ಗೀಜರ್ ಮೈಗೆ ಕರೆಂಟ್ ಬರಬಹುದು. ಆರ್‌ಸಿಸಿಬಿ ದಾಟಿದ ಮೇಲಿನ ಫೇಸ್ ತೆಗೆದುಕೊಂಡರೆ ಅದು ಬೀಳುತ್ತದೆ. ಇದು ಲೈಸೆನ್ಸ್ ಇದ್ದವರ ಕೆಲಸ, ಮನೆಯವರು ಕೈ ಹಾಕಬಾರದು.

ಹೊಸ ಗುಂಡಿಗೆ 3 ಮೀಟರಿನ ತಾಮ್ರ ಲೇಪದ ರಾಡ್, 25 ಕೆ.ಜಿ. ಅರ್ಥಿಂಗ್ ಪುಡಿಯ ಚೀಲ ಒಂದು. ಬೆಳಗಾವಿಯ ಕೆಂಪು ನೆಲದಲ್ಲಿ ನಾಲ್ಕೈದು ಅಡಿಗೇ ಕಲ್ಲು ಹತ್ತಿದರೆ ಬಡಿದು ರಾಡ್ ಬಾಗಿಸಬೇಡಿ. ಎರಡು ಗಿಡ್ಡ ರಾಡ್ ದೂರ ದೂರ ಹಾಕಿ ಕೂಡಿಸಿ. ವಿಜಯಪುರದ ಜಲನಗರ, ಬಾಗಲಕೋಟೆಯ ಕಡೆ ಎರೆ ಮಣ್ಣಿದ್ದರೆ ತಿರುಗುಮುರುಗು: ರಾಡ್ ಸಲೀಸಾಗಿ ಇಳಿಯುತ್ತದೆ, ಮಳೆಗಾಲದಲ್ಲಿ ಓಮ್ ಬಹಳ ಚೆನ್ನಾಗಿ ಬರುತ್ತದೆ, ಏಪ್ರಿಲ್‌ನಲ್ಲಿ ಮಣ್ಣು ಬಿರಿದು ರಾಡನ್ನು ಬಿಟ್ಟು ನಿಲ್ಲುತ್ತದೆ. ಅಲ್ಲಿ ಬೇಸಿಗೆಯಲ್ಲೇ ಅಳೆಯಬೇಕು, ಗುಂಡಿಗೆ ನೀರು ಹಾಕುತ್ತಿರಬೇಕು.

ಬೆಳಗಾವಿಯ ಮಳೆಗೆ ಸಾಕೆಟ್ಟಿಗೆ ಐಪಿ65 (ದೂಳು, ನೀರು ತಡೆಯುವ) ಡಬ್ಬಿ ತಂದು ಪೈಪನ್ನು ಮೇಲಿನಿಂದ ಇಳಿಸಿದರೆ ಏನು ಬಂತು? ಪೈಪು ಕೆಳಗಿನಿಂದ ಒಳಗೆ ಹೋಗಬೇಕು, ಡಬ್ಬಿ ನೆಲದಿಂದ ನಾಲ್ಕು ಅಡಿ ಎತ್ತರ ಇರಬೇಕು.

ಕರಾರಿನಲ್ಲಿ ನಾನು ಬರೆಸುವುದು ಇಷ್ಟೇ: ವೈರ್, ಬ್ರೇಕರ್, ಅರ್ಥಿಂಗ್, ಸಬ್‌ಮೀಟರ್ ಮಾಲಕರದ್ದು. ಚಾರ್ಜರ್ ಬಾಡಿಗೆಯವರದ್ದು. ಪ್ರತಿ ತಿಂಗಳ ಒಂದನೇ ತಾರೀಖಿಗೆ ಸಬ್‌ಮೀಟರಿನ ಫೋಟೊ ಇಬ್ಬರ ಮೊಬೈಲಿನಲ್ಲೂ ಇರಬೇಕು. ಮನೆ ಬಿಡುವ ದಿನ ಕೊನೆಯ ರೀಡಿಂಗ್ ತೆಗೆದು, ಎಂಸಿಬಿ ಇಳಿಸಿ, ಸಾಕೆಟ್ ಡಬ್ಬಿಗೆ ಬೀಗ ಹಾಕಿ ಕೀಲಿಯನ್ನು ಮನೆ ಕೀಲಿಯ ಜೊತೆ ಕೊಡಬೇಕು.