ಹೊಸ ವಾಲ್ವ್ ಹಾಕಿದರೂ ಪ್ಲೇಟ್ ಕೆಂಪಾಗುತ್ತಿದ್ದರೆ

ಆಂಪ್ಲಿಫೈಯರ್ ಹಾಕಿ ಅರ್ಧ ಗಂಟೆಯೊಳಗೆ ಬಲ ಚಾನೆಲ್‌ನ ಧ್ವನಿ ಒಡೆಯುತ್ತಿತ್ತು. ಸ್ಪೀಕರ್‌ಗೆ ಶಕ್ತಿ ಕೊಡುವ ಎರಡು ಇಎಲ್34 ವಾಲ್ವ್‌ಗಳಲ್ಲಿ (ಗಾಜಿನ ನಿರ್ವಾತ ಕೊಳವೆಗಳು) ಒಂದರ ಪ್ಲೇಟ್ (ಒಳಗಿನ ಲೋಹದ ತಗಡು) ಮೇಲೆ ಬೆರಳಗಲದ ಕೆಂಡದಂಥ ಕಲೆ. ಸ್ಪೀಕರ್ ತಂತಿ ಬದಲಿಸಿದೆ, ಅವುಗಳ ಹಿಂದಿನ ಹಂತದ ಚಿಕ್ಕ ವಾಲ್ವ್ 12ಎಎಕ್ಸ್7 ಬದಲಿಸಿದೆ, ಸಾಕೆಟ್ ಉಜ್ಜಿದೆ, ಪ್ರಯೋಜನವಾಗಲಿಲ್ಲ. ಹೊಸ ಜೋಡಿ ಹಾಕಿದಾಗಲೂ ಅದೇ ಸಾಕೆಟ್‌ನ ವಾಲ್ವ್ ಕೆಂಪಾಯಿತು. ದೋಷ ವಾಲ್ವ್‌ನದಲ್ಲ, ಸಾಕೆಟ್‌ನ ಹಿಂದಿನದು.

ಎರಡೂ ವಾಲ್ವ್ ತೆಗೆದು ಸಾಕೆಟ್‌ಗಳ ಐದನೆಯ ಪಿನ್‌ನ, ಅಂದರೆ ವಾಲ್ವ್‌ನ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲ್ ಗ್ರಿಡ್‌ನ, ವೋಲ್ಟೇಜ್ ಅಳೆದೆ. ಒಂದರಲ್ಲಿ ಮೈನಸ್ 38 ವೋಲ್ಟ್, ಕೆಂಪಾಗುವುದರಲ್ಲಿ ಮೈನಸ್ 21. ಗ್ರಿಡ್‌ನ ಮೈನಸ್ ಕಡಿಮೆಯಾದಷ್ಟೂ ವಾಲ್ವ್‌ನಲ್ಲಿ ಕರೆಂಟ್ ಹೆಚ್ಚಿ ಪ್ಲೇಟ್ ಕಾಯುತ್ತದೆ. ಹಿಂದಿನ ಹಂತದಿಂದ ಧ್ವನಿ ಸಂಕೇತವನ್ನಷ್ಟೇ ದಾಟಿಸಿ ಡಿಸಿ ವೋಲ್ಟೇಜ್ ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿತ್ತು.

ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್‌ಗಳು ಪೂರ್ತಿ ಬರಿದಾದದ್ದನ್ನು ಮೀಟರ್‌ನಲ್ಲಿ ಖಚಿತಪಡಿಸಿಕೊಂಡೆ. ಇದನ್ನು ಯಾರೂ ಬಿಡಬೇಡಿ, ಒಳಗೆ 400 ವೋಲ್ಟ್ ಇರುತ್ತದೆ. ಎರಡೂ ಬದಿಗೆ ಹೊಸ 0.22 ಮೈಕ್ರೊಫ್ಯಾರಡ್, 630 ವೋಲ್ಟ್ ಕೆಪಾಸಿಟರ್ ಬೆಸೆದೆ. ವಾಲ್ವ್ ಹಾಕುವ ಮೊದಲೇ, ಗ್ರಿಡ್‌ನ ಮೈನಸ್ ವೋಲ್ಟೇಜ್ ಹೊಂದಿಸುವ ಬಯಾಸ್ ತಿರುಪನ್ನು ಅತಿ ಹೆಚ್ಚು ಮೈನಸ್ ಕಡೆಗೆ ತಿರುಗಿಸಿದೆ. ಸ್ಪೀಕರ್ ಜೋಡಿಸಿ, ಹಾಡು ಹಾಕದೆ, 10 ಓಮ್ ಕ್ಯಾಥೋಡ್ ರೆಸಿಸ್ಟರ್ ಮೇಲೆ 0.35 ವೋಲ್ಟ್, ಅಂದರೆ 35 ಮಿಲಿಆಂಪಿಯರ್, ಬರುವವರೆಗೆ ಕರೆಂಟನ್ನು ನಿಧಾನವಾಗಿ ಏರಿಸಿದೆ. 20 ನಿಮಿಷ ಕಾಯ್ದು ಮತ್ತೆ ಸರಿಹೊಂದಿಸಿದೆ, ಮರುದಿನ ಇನ್ನೊಮ್ಮೆ. ಈಗ ಎರಡೂ ಸಾಕೆಟ್‌ಗಳಲ್ಲಿ ಫಿಲಮೆಂಟಿನ ಕಿತ್ತಳೆ ಬೆಳಕು ಮಾತ್ರ.