ಕೈಲಿ ವೋಟಿದೆ, ಬಾಯಲ್ಲಿ ಬ್ರೆಕ್ಸಿಟ್: ಬ್ರಿಟನ್‌ಗೆ ಬಂದ ಕನ್ನಡಿಗರಿಗೆ ಇಲ್ಲಿನ ರಾಜಕೀಯ

ಮೊದಲು ಇದೊಂದು ಹೇಳಿಬಿಡುತ್ತೇನೆ. ಬಂದು ಐದಾರು ವರ್ಷ ಆದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನೀವು ಬ್ರಿಟನ್‌ನ ಪಾರ್ಲಿಮೆಂಟ್ ಚುನಾವಣೆಯಲ್ಲಿ ವೋಟು ಹಾಕಬಹುದು. ಸಿಟಿಜನ್‌ಶಿಪ್ ಬೇಡ, ಐಎಲ್‌ಆರ್ (ಇಲ್ಲೇ ಕಾಯಂ ಇರುವ ಅನುಮತಿ) ಕೂಡ ಬೇಡ. ಭಾರತ ಕಾಮನ್‌ವೆಲ್ತ್ ದೇಶ. ನಿಮಗೆ ಇಲ್ಲಿರಲು ಸರಿಯಾದ ವೀಸಾ ಇದ್ದು, 18 ತುಂಬಿದ್ದರೆ ಸಾಕು. ಓದಲು ಬಂದ ಹುಡುಗನಿಗೂ ಉಂಟು, ಡಿಪೆಂಡೆಂಟ್ ವೀಸಾದಲ್ಲಿ ಬಂದ ಹೆಂಡತಿಗೂ ಉಂಟು.

ನಾನು ಬಂದಿದ್ದು 2011ರಲ್ಲಿ. ಇದು ಗೊತ್ತಾಗಿದ್ದು 2016ರಲ್ಲಿ, ಅದೂ ಆಫೀಸಿನ ಪೋಲಿಷ್ ಗೆಳೆಯ ಹೊಟ್ಟೆಯುರಿಯಿಂದ ಹೇಳಿದಾಗ. ಅವನು ಹತ್ತು ವರ್ಷದಿಂದ ಇಲ್ಲೇ ಇದ್ದ, ಮನೆ ಕೊಂಡಿದ್ದ, ಮಗಳು ಇಲ್ಲೇ ಹುಟ್ಟಿದ್ದಳು. ಬ್ರಿಟನ್ ಯೂರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬೇಡವೋ ಎಂಬ ಜನಮತ ಅವನ ಬದುಕಿನ ಪ್ರಶ್ನೆ. ಆದರೆ ಅವನಿಗೆ ವೋಟಿಲ್ಲ. ಐದು ವರ್ಷದ ಹಿಂದೆ ಬೆಂಗಳೂರಿಂದ ಬಂದ ನನಗಿತ್ತು! "ನನ್ನ ಹಣೆಬರಹ ನಿನ್ನ ಕೈಲಿದೆ, ಹೋಗಿ ಹಾಕು" ಅಂದ. ಹೋಗಿ ಹಾಕಿದೆ. ಅವನು ಬಯಸಿದ ಕಡೆ ಗೆಲ್ಲಲಿಲ್ಲ.

2016ರ ಜೂನ್ 23ರ ಆ ಲೆಕ್ಕ ಬಾಯಿಪಾಠ ಇರಲಿ, ಪ್ರತಿ ವಾದದಲ್ಲೂ ಬರುತ್ತದೆ. ಒಕ್ಕೂಟ ಬಿಡೋಣ (ಅದೇ ಬ್ರೆಕ್ಸಿಟ್) ಅಂದವರು 51.9%, ಇರೋಣ ಅಂದವರು 48.1%. ಸ್ಕಾಟ್ಲೆಂಡ್‌ನಲ್ಲಿ 62% ಜನ ಇರೋಣ ಅಂದರು. ಇಂಗ್ಲೆಂಡ್ ಮತ್ತು ವೇಲ್ಸ್ ಬಿಡೋಣ ಅಂದವು. ನಾನು ಆಗ ಇದ್ದದ್ದು ರೆಡಿಂಗ್‌ನಲ್ಲಿ, ಕೆಲಸ ಸ್ವಿಂಡನ್‌ನಲ್ಲಿ. ರೈಲಿನಲ್ಲಿ ಅರ್ಧ ಗಂಟೆ ದಾರಿ. ರೆಡಿಂಗ್ ಇರೋಣ ಅಂತು, ಸ್ವಿಂಡನ್ ಬಿಡೋಣ ಅಂತು. ಮಾರನೇ ದಿನ ಬೆಳಿಗ್ಗೆ ರೈಲು ಹತ್ತುವಾಗ ಸಾವಿನ ಮನೆ, ಇಳಿಯುವಾಗ ಮದುವೆ ಮನೆ.

ಇನ್ನು ನಮ್ಮವರು ಮಾಡುವ ದೊಡ್ಡ ತಪ್ಪಿಗೆ ಬರೋಣ. ರಾಜ್ಯೋತ್ಸವಕ್ಕೆ ಯಾವುದಾದರೂ ಶಾಲೆಯ ಹಾಲ್ ಬಾಡಿಗೆಗೆ ತೆಗೆದುಕೊಂಡಿರುತ್ತಾರೆ. ಊಟ ಆಗಿ, ಕಾಫಿ ಲೋಟ ಹಿಡಿದು ನಾಲ್ಕು ಜನ ಮೂಲೆಯಲ್ಲಿ ನಿಂತರೆ ಶುರು. "ಟೋರಿ ಅಂದ್ರೆ ನಮ್ಮ ಬಿಜೆಪಿ ಇದ್ದ ಹಾಗೆ, ಲೇಬರ್ ಅಂದ್ರೆ ಕಾಂಗ್ರೆಸ್." ಟೋರಿ ಅಂದರೆ ಇಲ್ಲಿನ ಕನ್ಸರ್ವೇಟಿವ್ ಪಕ್ಷ. ಅಲ್ಲಿಂದ ಮುಂದೆ ವಾದ ಊರಿನದೇ ಆಗುತ್ತದೆ, ಹೆಸರು ಮಾತ್ರ ಇಂಗ್ಲಿಷ್. ಈ ಹೋಲಿಕೆ ಬ್ರೆಕ್ಸಿಟ್ ವಿಷಯದಲ್ಲಂತೂ ಒಂದು ನಿಮಿಷವೂ ನಿಲ್ಲುವುದಿಲ್ಲ. ಯಾಕಂದ್ರೆ ಬ್ರೆಕ್ಸಿಟ್ ಎರಡು ಪಕ್ಷಗಳ ನಡುವಿನ ಜಗಳವೇ ಅಲ್ಲ. ಒಂದೊಂದು ಪಕ್ಷದ ಒಳಗಿನ ಜಗಳ.

ನೋಡಿ. 1973ರಲ್ಲಿ ಬ್ರಿಟನ್ನನ್ನು ಯೂರೋಪಿಗೆ ಸೇರಿಸಿದ್ದು ಟೋರಿ ಪ್ರಧಾನಿ ಎಡ್ವರ್ಡ್ ಹೀತ್. 1983ರಲ್ಲಿ 'ಹೊರಗೆ ಬರುತ್ತೇವೆ' ಎಂದು ಪ್ರಣಾಳಿಕೆಯಲ್ಲಿ ಬರೆದದ್ದು ಲೇಬರ್. 2016ರ ಹೊತ್ತಿಗೆ ಪೂರಾ ಉಲ್ಟಾ. ಜನಮತ ಕರೆದ ಟೋರಿ ಪ್ರಧಾನಿ ಡೇವಿಡ್ ಕ್ಯಾಮರಾನ್ ಇರೋಣ ಅಂತ ಪ್ರಚಾರ ಮಾಡಿದರೆ, ಅವರದೇ ಪಕ್ಷದ ಬೋರಿಸ್ ಜಾನ್ಸನ್, ಮೈಕಲ್ ಗೋವ್ ಬಿಡೋಣ ಅಂತ ಊರೂರು ಸುತ್ತಿದರು. ಲೇಬರ್ ಪಕ್ಷ ಅಧಿಕೃತವಾಗಿ ಇರೋಣ ಅಂತು. ಆದರೆ ಅದರ ಕೋಟೆಯಂತಿದ್ದ ಉತ್ತರದ ಕಲ್ಲಿದ್ದಲು ಗಣಿ ಊರುಗಳು ಬಿಡೋಣ ಅಂದವು. 2019ರ ಡಿಸೆಂಬರ್‌ನಲ್ಲಿ ಅಂಥ ಊರುಗಳೇ ಜಾನ್ಸನ್‌ಗೆ 80 ಸೀಟಿನ ಬಹುಮತ ಕೊಟ್ಟವು. ಲೇಬರ್ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಪ್ರತಿನಿಧಿಸಿದ್ದ ಸೆಜ್‌ಫೀಲ್ಡ್ ಕೂಡ ಟೋರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ ಹೊಳೆನರಸೀಪುರದಲ್ಲಿ ಗೌಡರ ಮನೆಯವರಿಗೆ ಠೇವಣಿ ಹೋದ ಹಾಗೆ. ಸರಿ, ಠೇವಣಿ ಅಂದದ್ದು ಸ್ವಲ್ಪ ಜಾಸ್ತಿ ಆಯ್ತು.

ಹಾಗಾಗಿ ಇಲ್ಲಿಯವರ ಜತೆ ಮಾತಾಡುವಾಗ "ನೀವು ಯಾವ ಪಾರ್ಟಿ" ಅಂತ ಕೇಳಿದರೆ ಬ್ರೆಕ್ಸಿಟ್ ಬಗ್ಗೆ ಏನೂ ತಿಳಿಯುವುದಿಲ್ಲ. ಹಾಗೆ ಕೇಳುವುದೂ ಇಲ್ಲಿ ಮರ್ಯಾದೆ ಅಲ್ಲ. ಸಂಬಳ ಎಷ್ಟು ಅಂತ ಕೇಳಿದಷ್ಟೇ ಮುಜುಗರ. "ನಿಮ್ಮ ಊರು ಯಾವುದು, ಅಲ್ಲಿ ಆಗ ಹೇಗಿತ್ತು" ಅಂತ ಕೇಳಿ. ಮಾತು ತಾನಾಗೇ ಬರುತ್ತದೆ.

ನಮಗೆ ಪರಿಚಿತವಾದದ್ದೂ ಇದೆ. ಗೆಲ್ಲುವ ಲೆಕ್ಕ ನಮ್ಮದೇ: 650 ಕ್ಷೇತ್ರ, ಒಬ್ಬೊಬ್ಬ ಎಂಪಿ, ಜಾಸ್ತಿ ವೋಟು ಬಿದ್ದವರು ಗೆದ್ದರು. 2024ರ ಜುಲೈನಲ್ಲಿ ಲೇಬರ್ 34% ಹತ್ತಿರ ವೋಟು ತೆಗೆದುಕೊಂಡು 411 ಸೀಟು ಗೆದ್ದಿತು. ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ 14% ವೋಟು, ಬರೀ 5 ಸೀಟು. ಲಿಬರಲ್ ಡೆಮಾಕ್ರಾಟ್‌ಗಳಿಗೆ ಅದಕ್ಕಿಂತ ಕಡಿಮೆ ವೋಟು, 72 ಸೀಟು. ಚುನಾವಣೆಯೇ ಇಲ್ಲದೆ ಪ್ರಧಾನಿ ಬದಲಾಗುವುದಕ್ಕೂ ಆಶ್ಚರ್ಯ ಪಡಬೇಡಿ. 2008ರಿಂದ 2013ರ ನಡುವೆ ಯಡಿಯೂರಪ್ಪ, ಸದಾನಂದ ಗೌಡ, ಶೆಟ್ಟರ್ ಅಂತ ಮೂವರು ಮುಖ್ಯಮಂತ್ರಿಗಳನ್ನು ನೋಡಿದವರು ನಾವು. ಲಿಜ್ ಟ್ರಸ್ 49 ದಿನ ಇದ್ದು ಹೋದದ್ದು ನಮಗೆ ಯಾವ ಮಹಾ?

ಆದರೆ ಒಂದು ವ್ಯತ್ಯಾಸ ನನಗೆ ಬಹಳ ಇಷ್ಟ. 2019ರ ಜುಲೈನಲ್ಲಿ ನಮ್ಮ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್‌ನಲ್ಲಿ ಕೂತು, ಕುಮಾರಸ್ವಾಮಿ ಸರ್ಕಾರ ಬಿತ್ತಲ್ಲ. ಎರಡು ತಿಂಗಳೂ ಆಗಿರಲಿಲ್ಲ, ಸೆಪ್ಟೆಂಬರ್ 3ರಂದು ಲಂಡನ್‌ನಲ್ಲಿ ಬೋರಿಸ್ ಜಾನ್ಸನ್ ಸದನದಲ್ಲಿ ಮಾತಾಡುತ್ತಿರುವಾಗಲೇ ಅವರ ಪಕ್ಷದ ಫಿಲಿಪ್ ಲೀ ಎದ್ದು, ನಾಲ್ಕು ಹೆಜ್ಜೆ ನಡೆದು, ಎದುರಿನ ಲಿಬರಲ್ ಡೆಮಾಕ್ರಾಟ್‌ಗಳ ಬೆಂಚಿನಲ್ಲಿ ಹೋಗಿ ಕೂತರು. ಸರ್ಕಾರದ ಬಹುಮತ ಅಲ್ಲಿಗೇ ಹೋಯಿತು. ರೆಸಾರ್ಟ್ ಇಲ್ಲ, ಬಸ್ಸಿಲ್ಲ, ಸ್ಪೀಕರ್ ಮುಂದೆ ಅನರ್ಹತೆ ಅರ್ಜಿಯೂ ಇಲ್ಲ. ಇಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯೇ ಇಲ್ಲ. ಅದೇ ರಾತ್ರಿ ಸರ್ಕಾರದ ವಿರುದ್ಧ ವೋಟು ಹಾಕಿದ 21 ಟೋರಿ ಎಂಪಿಗಳನ್ನು ಜಾನ್ಸನ್ ಪಕ್ಷದಿಂದ ಹೊರಗಿಟ್ಟರು. ಅವರ ಸೀಟು ಮಾತ್ರ ಹೋಗಲಿಲ್ಲ. ಒಬ್ಬ ಎಂಪಿ ತನ್ನ ಪ್ರಧಾನಿಗೇ 'ಆಗಲ್ಲ' ಅನ್ನಬಹುದು ಎಂಬುದು ಗೊತ್ತಿಲ್ಲದಿದ್ದರೆ, ಜಾನ್ಸನ್‌ಗಿಂತ ಮುಂಚೆ ಪ್ರಧಾನಿಯಾಗಿದ್ದ ತೆರೆಸಾ ಮೇ ತಂದ ಬ್ರೆಕ್ಸಿಟ್ ಒಪ್ಪಂದ ಮೂರು ಸಲ ಯಾಕೆ ಬಿತ್ತು ಅಂತ ಅರ್ಥವೇ ಆಗುವುದಿಲ್ಲ.

ಈಗ ಪರಿಣಾಮ. ಇಲ್ಲೇ ಜಗಳ ಬಿಸಿಯಾಗುವುದು.

ಒಂದು ತಪ್ಪು ಮೊದಲು ತಿದ್ದಿಕೊಳ್ಳಿ. "ಬ್ರೆಕ್ಸಿಟ್‌ನಿಂದಾಗಿ ಪ್ಯಾರಿಸ್‌ಗೆ ಹೋಗಲು ವೀಸಾ ಬೇಕಾಯ್ತು" ಅಂತ ಭಾರತದ ಪಾಸ್‌ಪೋರ್ಟ್‌ನವರು ಗೊಣಗುವುದನ್ನು ಕೇಳಿದ್ದೇನೆ. ಬ್ರಿಟನ್ ಯಾವತ್ತೂ ಷೆಂಗೆನ್‌ನಲ್ಲಿ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ದೇಶಗಳ ಗುಂಪಿನಲ್ಲಿ, ಇರಲೇ ಇಲ್ಲ. ಪ್ಯಾರಿಸ್ ಸುತ್ತಲು ಹೊರಟ ನಮಗೆ ಮೊದಲೂ ವೀಸಾ ಬೇಕಿತ್ತು, ಈಗಲೂ ಬೇಕು. ಕಷ್ಟಕ್ಕೆ ಬಿದ್ದವರು ಬ್ರಿಟಿಷ್ ಪಾಸ್‌ಪೋರ್ಟ್‌ನವರು. ಅವರಿಗೀಗ ಯಾವುದೇ 180 ದಿನದಲ್ಲಿ 90 ದಿನ ಮಾತ್ರ. ಸ್ಪೇನ್‌ನಲ್ಲಿ ಮನೆ ಕೊಂಡು ಚಳಿಗಾಲ ಕಳೆಯುತ್ತಿದ್ದ ನಮ್ಮ ಪಕ್ಕದ ಮನೆ ಅಜ್ಜ ಕ್ಯಾಲೆಂಡರ್‌ನಲ್ಲಿ ದಿನ ಎಣಿಸುತ್ತಾರೆ. ಬಿಡೋಣ ಅಂತ ವೋಟು ಹಾಕಿದವರೇ ಅವರು!

ಹಣದ ವಿಷಯ. ಸರ್ಕಾರದ ಬಜೆಟ್ ಲೆಕ್ಕ ನೋಡುವ ಸ್ವತಂತ್ರ ಸಂಸ್ಥೆ ಒಬಿಆರ್. ಯೂರೋಪಿನಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ಕಾಲಕ್ರಮೇಣ 4% ಕಡಿಮೆ ಇರುತ್ತದೆ ಅನ್ನುವುದು ಅದರ ಅಂದಾಜು. ಇರೋಣ ಅಂದವರ ದೊಡ್ಡ ಅಸ್ತ್ರ ಇದೇ. ಬಿಡೋಣ ಅಂದವರು ಕೋವಿಡ್, ಉಕ್ರೇನ್ ಯುದ್ಧ ತೋರಿಸುತ್ತಾರೆ. 2025ರಲ್ಲಿ ಟ್ರಂಪ್ ಯೂರೋಪಿಗೆ 15% ಸುಂಕ ಹಾಕಿ ಬ್ರಿಟನ್‌ಗೆ 10% ಹಾಕಿದ್ದನ್ನೂ ಹೇಳುತ್ತಾರೆ. ಭಾರತದ ಜತೆ 2025ರ ಜುಲೈನಲ್ಲಿ ಸಹಿಯಾದ ವ್ಯಾಪಾರ ಒಪ್ಪಂದವೂ ಅವರ ಪಟ್ಟಿಯಲ್ಲಿದೆ. ಒಕ್ಕೂಟದ ಒಳಗಿದ್ದರೆ ಬ್ರಿಟನ್ ತಾನೊಂದೇ ಅಂಥ ಒಪ್ಪಂದ ಮಾಡಿಕೊಳ್ಳುವ ಹಾಗಿರಲಿಲ್ಲ, ಅದು ನಿಜ. ಸ್ಕಾಚ್ ಮೇಲಿನ ಸುಂಕ ಅರ್ಧ ಆಗುವ ಸುದ್ದಿ ಊರಲ್ಲಿ ಜೋರಾಯ್ತು. ನಮಗೆ ಬೇಕಾದದ್ದು ಅದರ ಜತೆ ಒಪ್ಪಿಕೊಂಡ ಇನ್ನೊಂದು ಮಾತು: ಭಾರತದ ಕಂಪನಿ ಸ್ವಲ್ಪ ಕಾಲಕ್ಕೆ ಅಂತ ಇಲ್ಲಿಗೆ ಕಳಿಸಿದವರು ಗೊತ್ತುಮಾಡಿದ ಅವಧಿಯವರೆಗೆ ಇಲ್ಲಿನ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ಕಂತು) ಕಟ್ಟಬೇಕಿಲ್ಲ, ಪಿಎಫ್ ಊರಲ್ಲೇ ಮುಂದುವರಿಯುತ್ತದೆ.

ಆದರೆ ನಮ್ಮ ಮನೆಬಾಗಿಲಿಗೆ ಬಂದ ಪರಿಣಾಮ ಅಂದರೆ ವೀಸಾ.

2016ರಲ್ಲಿ ನಮ್ಮವರಲ್ಲೂ ಬಿಡೋಣ ಅಂದವರು ಕಡಿಮೆ ಇರಲಿಲ್ಲ. ಅವರ ವಾದ ಸರಳ. "ರೊಮೇನಿಯಾದವನು ಬ್ಯಾಗ್ ಹಿಡಿದು ಸೀದಾ ಬರ್ತಾನೆ. ನಮ್ಮಮ್ಮನ್ನ ಎರಡು ತಿಂಗಳು ಕರೆಸೋಕೆ ನಾನು ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಬೇಕು. ಯಾವ ನ್ಯಾಯ?" ಪ್ರೀತಿ ಪಟೇಲ್ ಅವರಂಥ ನಾಯಕರು ಇದನ್ನೇ ಕರಿ ಹೋಟೆಲ್‌ನವರಿಗೂ ಹೇಳಿದರು: ಯೂರೋಪಿನ ಬಾಗಿಲು ಮುಚ್ಚಿದರೆ ನಿಮ್ಮ ಕಡೆಯ ಅಡುಗೆಯವರಿಗೆ ದಾರಿ ಆಗುತ್ತದೆ ಅಂತ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಒಪ್ಪಲು ಮಾತ್ರ ಆಗಲ್ಲ.

ಮುಂದೆ ಆದದ್ದು ಹೀಗೆ. 2020ರ ಕೊನೆಗೆ ಯೂರೋಪಿನವರ ಮುಕ್ತ ಓಡಾಟ ನಿಂತಿತು. 2021ರಿಂದ ಎಲ್ಲರಿಗೂ ಒಂದೇ ಪಾಯಿಂಟ್ ಲೆಕ್ಕ. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯ ಸಂಬಳದ ಮಿತಿ ಆಗ ವರ್ಷಕ್ಕೆ 25,600 ಪೌಂಡ್. ಓದು ಮುಗಿಸಿದವರಿಗೆ ಎರಡು ವರ್ಷದ ಗ್ರಾಜುಯೇಟ್ ವೀಸಾ ಬಂತು. ಬಾಗಿಲು ನಿಜವಾಗಿಯೂ ತೆರೆಯಿತು. ಮಂಗಳೂರಿನ ನರ್ಸ್‌ಗಳು ಬಂದರು, ದಾವಣಗೆರೆಯ ಹುಡುಗರು ಎಂಎಸ್ಸಿಗೆ ಬಂದರು, ಕೇರ್ ಹೋಮ್ ಕೆಲಸಕ್ಕೆ ಏಜೆಂಟರಿಗೆ ಲಕ್ಷಗಟ್ಟಲೆ ಸುರಿದವರೂ ಬಂದರು. 2023ರ ಜೂನ್‌ಗೆ ಮುಗಿದ ಒಂದು ವರ್ಷದಲ್ಲಿ ಬಂದವರಿಂದ ಹೋದವರನ್ನು ಕಳೆದರೂ 9 ಲಕ್ಷ ದಾಟಿತ್ತು. ವಲಸೆ ಕಡಿಮೆಯಾಗಲಿ ಅಂತ ವೋಟು ಹಾಕಿದವರ ಕಣ್ಣಿಗೆ ಈಗ ಬೀಳುವವರು ರೊಮೇನಿಯಾದವರಲ್ಲ, ನಾವು.

ಬಾಗಿಲು ವಾಪಸ್ ಮುಚ್ಚತೊಡಗಿತು. ವಿದ್ಯಾರ್ಥಿಗಳ ಡಿಪೆಂಡೆಂಟ್‌ಗಳಿಗೆ 2024ರ ಜನವರಿಯಿಂದ ತಡೆ, ಸಂಶೋಧನೆಗೆ ಬಂದವರನ್ನು ಬಿಟ್ಟರೆ ಹೆಚ್ಚೂ ಕಡಿಮೆ ಎಲ್ಲರಿಗೂ. ಕೇರ್ ಕೆಲಸದವರ ಕುಟುಂಬಕ್ಕೆ ಮಾರ್ಚ್‌ನಿಂದ. ಏಪ್ರಿಲ್‌ನಲ್ಲಿ ಸಂಬಳದ ಮಿತಿ 38,700 ಪೌಂಡ್‌ಗೆ ಏರಿತು. ಆಗ ಪ್ರಧಾನಿ ಯಾರು? ನಮ್ಮ ಪೇಪರ್‌ಗಳು 'ಕರ್ನಾಟಕದ ಅಳಿಯ' ಅಂತ ಸಂಭ್ರಮಿಸಿದ್ದ ರಿಷಿ ಸುನಕ್. ಅಳಿಯ ದೇವರು ಬೀಗರ ಕಡೆಯವರಿಗೇ ಬಾಗಿಲು ಹಾಕಿದರು. ಲೇಬರ್ ಬಂದ ಮೇಲೆ ಸಡಿಲವಾಯಿತೇ? ಇಲ್ಲ. 2025ರ ಜುಲೈನಲ್ಲಿ ಸಂಬಳದ ಮಿತಿ 41,700 ಪೌಂಡ್ ಆಯಿತು, ಹೊರದೇಶದಿಂದ ಕೇರ್ ಕೆಲಸದವರನ್ನು ಕರೆಸುವುದೇ ನಿಂತಿತು. ಐಎಲ್‌ಆರ್‌ಗೆ ಐದು ವರ್ಷದ ಬದಲು ಹತ್ತು ವರ್ಷ ಕಾಯಬೇಕು ಎಂಬ ಪ್ರಸ್ತಾಪ ಬಂದದ್ದೂ ಕೀರ್ ಸ್ಟಾರ್ಮರ್ ಸರ್ಕಾರದ್ದೇ. ಅದಕ್ಕೇ ಹೇಳಿದ್ದು, 'ನಮ್ಮ ಪಾರ್ಟಿ' ಅಂತ ಯಾವುದನ್ನೂ ಕಣ್ಣುಮುಚ್ಚಿ ತಬ್ಬಿಕೊಳ್ಳಬೇಡಿ. ನಿಯಮ ಬದಲಾದಾಗಲೆಲ್ಲ ಸರ್ಕಾರದ ವೆಬ್‌ಸೈಟ್ ನೋಡಿ. ವಾಟ್ಸಾಪ್ ಗ್ರೂಪಿನ ಮಾತು ನಂಬಿ ಟಿಕೆಟ್ ಬುಕ್ ಮಾಡಬೇಡಿ.

ವೀಸಾ ಸಿಕ್ಕಿಹಾಕಿಕೊಂಡರೆ ಎಂಪಿಗೆ ಬರೆಯಿರಿ. ವೋಟು ಇದ್ದರೂ ಇಲ್ಲದಿದ್ದರೂ, ಆ ಕ್ಷೇತ್ರದಲ್ಲಿ ನೀವು ವಾಸವಿದ್ದರೆ ಸಾಕು. ಅವರು ಜನರನ್ನು ಭೇಟಿಯಾಗುವ ಹೊತ್ತಿಗೆ ಇಲ್ಲಿ ಸರ್ಜರಿ ಅನ್ನುತ್ತಾರೆ, ಹೆದರಬೇಡಿ. ನನ್ನದೊಂದು ಅರ್ಜಿ ತಿಂಗಳುಗಟ್ಟಲೆ ಕದಲದೆ ಕೂತಿತ್ತು. ಮನೆ ವಿಳಾಸ ಹಾಕಿ, ಅರ್ಜಿ ನಂಬರ್ ಹಾಕಿ ನಾಲ್ಕು ಸಾಲು ಇಮೇಲ್ ಕಳಿಸಿದೆ. ಶಿಫಾರಸು ಇಲ್ಲ, ಪರಿಚಯ ಇಲ್ಲ, ಹಾರ ಶಾಲು ಇಲ್ಲ. ಮೂರು ವಾರದಲ್ಲಿ ಉತ್ತರ ಬಂತು.

ವೋಟು ಹಾಕುವ ದಿನ ಹಬ್ಬದ ವಾತಾವರಣ ನಿರೀಕ್ಷಿಸಬೇಡಿ. ಸಾಮಾನ್ಯವಾಗಿ ಗುರುವಾರ, ರಜೆ ಇಲ್ಲ. ಬೆಳಿಗ್ಗೆ 7ರಿಂದ ರಾತ್ರಿ 10. ನಮ್ಮ ಬೂತು ಚರ್ಚಿನ ಹಿಂದಿನ ಹಾಲ್. ಹೊರಗೆ ಯಾರದೋ ನಾಯಿ ಕಟ್ಟಿಹಾಕಿತ್ತು. ಪೊಲೀಸ್ ಇಲ್ಲ, ಮಷೀನ್ ಇಲ್ಲ. ಉದ್ದ ಕಾಗದ, ದಾರ ಕಟ್ಟಿದ ಮೊಂಡು ಪೆನ್ಸಿಲ್, ಒಂದು ಅಡ್ಡಗೀಟು ಗುರುತು. ಬೆರಳಿಗೆ ಶಾಯಿ ಹಚ್ಚುವುದಿಲ್ಲ. ಆಫೀಸಿಗೆ ಬಂದು ತೋರಿಸಿಕೊಳ್ಳಲು ಏನೂ ಇಲ್ಲವಲ್ಲ ಅಂತ ಬೇಜಾರಾಯಿತು ನನಗೆ. 2023ರಿಂದ ಇಂಗ್ಲೆಂಡ್‌ನಲ್ಲಿ ಫೋಟೋ ಇರುವ ಗುರುತು ತೋರಿಸಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

ಹೆಸರು ಸೇರಿಸುವುದು ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಲಿರಲಿ. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಪಟ್ಟಿ ಮುಚ್ಚುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ಕ್ರೆಡಿಟ್ ಸ್ಕೋರ್‌ಗೂ ಒಳ್ಳೆಯದು. ಕಳೆದ ರಾಜ್ಯೋತ್ಸವದಲ್ಲಿ ಎರಡು ಗಂಟೆ ಬ್ರೆಕ್ಸಿಟ್ ಬಗ್ಗೆ ಟೇಬಲ್ ಕುಟ್ಟಿ ವಾದ ಮಾಡಿದ ಗೆಳೆಯನಿಗೆ ಹೆಸರು ಸೇರಿಸಿದ್ದೀಯಾ ಅಂತ ಕೇಳಿದೆ. ನಮಗೆಲ್ಲಿ ಕೊಡ್ತಾರೆ ಮಾರಾಯ ಅಂದ. ಬಂದು ಒಂಬತ್ತು ವರ್ಷ ಆಗಿದೆ ಅವನಿಗೆ. ಕ್ರೆಡಿಟ್ ಸ್ಕೋರ್ ಮಾತು ತೆಗೆದೆ ನೋಡಿ, ಅಲ್ಲೇ ನಿಂತು ಫೋನ್ ತೆಗೆದ.